ಗುಡ್ಡದ ತಾಂಡಾದಲ್ಲಿ ತೀಜ್: ಗೋಧಿ ನೆನೆಸುವ ರಾತ್ರಿಯಿಂದ ಕೆರೆಯ ದಂಡೆಯವರೆಗೆ

ಲಂಬಾಣಿ ತಾಂಡಾಗಳ ಹುಡುಗಿಯರು ಬುಟ್ಟಿಯಲ್ಲಿ ಗೋಧಿ ಸಸಿ ಬೆಳೆಸುವ ತೀಜ್ ಹಬ್ಬಕ್ಕೆ ಬೇಕಾಗುವ ಸಾಮಾನು ಬಹಳ ಕಡಿಮೆ. ಒಂದಿಷ್ಟು ಗೋಧಿ, ಹುತ್ತದ ಮಣ್ಣು, ಆಡಿನ ಹಿಕ್ಕೆಯ ಗೊಬ್ಬರ, ಮುತ್ತಲ ಎಲೆ, ಬಾರಿಕಂಟಿ ಎಂಬ ಬೋರೆ ಗಿಡದ ಒಂದು ಟೊಂಗೆ ಮತ್ತು ನೀರು. ಇಷ್ಟೇ ಇದ್ದರೂ ನಾನು ಬಲ್ಲ ಕೆಲವು ತಾಂಡಾಗಳಲ್ಲಿ ಈ ಹಬ್ಬ ನಿಂತೇ ಹೋಗಿದೆ, ಇನ್ನು ಕೆಲವೆಡೆ ಒಂದು ಸಂಜೆಯ ಕುಣಿತಕ್ಕೆ ಇಳಿದಿದೆ. ಹುಡುಗಿಯರಿಗೆ ಒಂಬತ್ತು ದಿನ ಒಂದೆಡೆ ಸೇರಲು ಬಿಡುವು ಸಿಗುವುದಿಲ್ಲ, ಸಿಕ್ಕರೂ ಅವರ ಬೆನ್ನಿಗೆ ನಿಂತು ನಡೆಸಿಕೊಡುವ ದೊಡ್ಡವರಿರುವುದಿಲ್ಲ. ನಾನು ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ, ಕುಂಚಾವರಂ ಕಡೆಯ ಗುಡ್ಡದ ಮೇಲಿನ ಒಂದು ತಾಂಡಾದ ಸೊಸೆ. ಅಲ್ಲಿಯೇ ಅಂಗನವಾಡಿ ಕಾರ್ಯಕರ್ತೆ. ಶ್ರಾವಣ ಬಂದರೆ ನಮ್ಮ ತಾಂಡಾದ ಹುಡುಗಿಯರ ತೀಜ್ ನಡೆಸಿಕೊಡುವ ಹೊಣೆ ನನ್ನದು. ಅದನ್ನು ಅತ್ತೆಯಿಂದ ಕಲಿತೆ, ಅತ್ತೆ ಅವರ ಅತ್ತೆಯಿಂದ ಕಲಿತಿದ್ದರು. ಬೇರೆ ತಾಂಡಾದವರು ಕೇಳುತ್ತಲೇ ಇರುವುದರಿಂದ ನಾವು ಹೇಗೆ ಮಾಡುತ್ತೇವೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೊರಗಿನವರಿಗೆ ಒಂದು ಮಾತು. ಬಂಜಾರರಲ್ಲಿ, ಅಂದರೆ ಲಂಬಾಣಿಗಳಲ್ಲಿ, ತೀಜ್ ಎಂಬುದು ಮದುವೆಯಾಗದ ಹುಡುಗಿಯರ ಹಬ್ಬ. ಮದುವೆಯಾದ ನಾವು ಹಾಡು ಹೇಳಿಕೊಡಬಹುದು, ಕಾವಲಿರಬಹುದು. ಬುಟ್ಟಿಗೆ ಗೋಧಿ ಬಿತ್ತುವ ಕೈ ಮಾತ್ರ ಹುಡುಗಿಯರದೇ ಆಗಬೇಕು. ರಾಖಿ ಹುಣ್ಣಿಮೆಯ ಹೊತ್ತಿಗೆ ಬಿತ್ತಿ, ಗೋಕುಲಾಷ್ಟಮಿಯ ಹೊತ್ತಿಗೆ ಮುಗಿಸುವುದು ನಮ್ಮಲ್ಲಿಯ ರೂಢಿ. ದಿನದ ಲೆಕ್ಕ ತಾಂಡಾದಿಂದ ತಾಂಡಾಕ್ಕೆ ಸ್ವಲ್ಪ ಹಿಂದುಮುಂದಾಗುತ್ತದೆ, ಅದಕ್ಕೆ ಜಗಳ ಬೇಡ.

ಶ್ರಾವಣವೇ ನಮಗೆ ಅನುಕೂಲದ ಕಾಲ. ಸುಗ್ಗಿ ಮುಗಿದರೆ ನಮ್ಮ ತಾಂಡಾದ ಅರ್ಧ ಮನೆಗಳಿಗೆ ಬೀಗ ಬೀಳುತ್ತದೆ. ಪುಣೆ, ಮುಂಬೈ, ಹೈದರಾಬಾದ್ ಕಡೆಗೆ ಗುಳೆ ಹೋಗುತ್ತಾರೆ. ಮುಂಗಾರಿಗೆ ಮರಳಿ ಬಂದವರು ತೊಗರಿ ಬಿತ್ತಿ, ಕಳೆ ತೆಗೆಯುತ್ತ ಊರಲ್ಲೇ ಇರುತ್ತಾರೆ. ಹೆಸರು ಕಾಯಿ ಬಿಡಿಸುವ ಕೆಲಸ ಇನ್ನೇನು ಶುರುವಾಗಬೇಕು, ಆ ನಡುವಿನ ಸಂದಿಯಲ್ಲಿ ತೀಜ್ ಬರುತ್ತದೆ. ಹಿರಿಯರು ಹಬ್ಬವನ್ನು ಹೊಲದ ಕೆಲಸಕ್ಕೆ ಹೊಂದಿಸಿಯೇ ಇಟ್ಟಿದ್ದಾರೆ ಎಂದು ನನಗೆ ಪ್ರತಿ ವರ್ಷವೂ ಅನ್ನಿಸುತ್ತದೆ.

ಮೊದಲ ಕೆಲಸ ತಾಂಡಾದ ಮುಖ್ಯಸ್ಥರಾದ ನಾಯಕರ ಒಪ್ಪಿಗೆ. ಹುಡುಗಿಯರು ಗುಂಪಾಗಿ ಹಾಡುತ್ತ ನಾಯಕರ ಮನೆಯ ಮುಂದೆ ಹೋಗಿ ನಿಲ್ಲುತ್ತಾರೆ, ಬಿತ್ತಲು ಅಪ್ಪಣೆ ಕೇಳುತ್ತಾರೆ. ಇದನ್ನು ಬರೀ ಶಾಸ್ತ್ರ ಎಂದು ತಿಳಿಯಬಾರದು. ಆ ವರ್ಷ ತಾಂಡಾದಲ್ಲಿ ಸಾವು ಆಗಿದ್ದರೆ, ಎರಡು ಮನೆಗಳ ನಡುವೆ ಜಗಳ ಇದ್ದರೆ ಅದೆಲ್ಲ ಅಂದೇ ಇತ್ಯರ್ಥವಾಗಬೇಕು. ನಾಯಕರು, ಅವರ ಸಹಾಯಕರಾದ ಕಾರಭಾರಿ, ಹಿರಿಯರು ಕುಳಿತು ಮಾತಾಡಿ ಒಪ್ಪಿಗೆ ಕೊಟ್ಟರೆ, ಮುಂದಿನ ಒಂಬತ್ತು ದಿನ ಆ ಹುಡುಗಿಯರು ಇಡೀ ತಾಂಡಾದ ಮಕ್ಕಳು. ನಾನು ಆ ಸಭೆಯಲ್ಲಿಯೇ ನನ್ನ ಮಾತುಗಳನ್ನೂ ಇಡುತ್ತೇನೆ: ಯಾರೂ ಕುಡಿದು ಬುಟ್ಟಿ ಇಡುವ ಛಪ್ಪರದ ಹತ್ತಿರ ಬರಬಾರದು, ಡಿಜೆ ತರಬಾರದು, ಹುಡುಗಿಯರು ಒಂದು ದಿನವೂ ಶಾಲೆ ತಪ್ಪಿಸಬಾರದು. ನಾಯಕರ ಬಾಯಿಂದ ಅದು ತಾಂಡಾದ ಮಾತಾಗಿ ಹೊರಬಿದ್ದರೆ ಆಮೇಲೆ ನಾನೊಬ್ಬಳೇ ಎಲ್ಲರ ಬೆನ್ನು ಹತ್ತಬೇಕಾಗಿಲ್ಲ.

ಇನ್ನು ಗೋಧಿ. ಇದರಲ್ಲಿ ಎಷ್ಟು ಜಾಗ್ರತೆ ಮಾಡಿದರೂ ಕಡಿಮೆಯೇ. ನಮ್ಮ ಭಾಗದಲ್ಲಿ ಗೋಧಿ ಹಿಂಗಾರಿ ಬೆಳೆ; ಶ್ರಾವಣದಲ್ಲಿ ಮನೆಯಲ್ಲಿರುವುದು ಬೇಸಿಗೆಯ ಮೊದಲು ರಾಶಿ ಮಾಡಿದ ಕಾಳು. ಅದು ಹುಳು ಹಿಡಿಯದೆ ಉಳಿದಿದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಅಂಗಡಿಯ ಬಿತ್ತನೆ ಬೀಜ ಮಾತ್ರ ಬೇಡ. ಅದಕ್ಕೆ ಬಣ್ಣದ ಔಷಧಿ ಲೇಪಿಸಿರುತ್ತಾರೆ. ಕೊನೆಯ ದಿನ ಈ ಸಸಿಯನ್ನು ಮುಡಿಯುತ್ತೇವೆ, ಉಳಿದದ್ದನ್ನು ದನಕರು ಬಾಯಿ ಹಾಕುತ್ತವೆ. ಹಬ್ಬಕ್ಕೆ ಒಂದು ವಾರ ಮುಂಚೆ ನಾನು ಪ್ರತಿ ಮನೆಯ ಗೋಧಿಯಿಂದ ಒಂದು ಹಿಡಿ ತೆಗೆದು ಒದ್ದೆ ಬಟ್ಟೆಯಲ್ಲಿ ಕಟ್ಟಿಡುತ್ತೇನೆ. ಎರಡು ಮೂರು ದಿನದಲ್ಲಿ ಮೊಳಕೆ ಮೂಡಿದ ಕಾಳನ್ನು ಎಣಿಸಿ ನೋಡಿದರೆ ಯಾವ ಮನೆಯ ಗೋಧಿ ಜೀವಂತವಾಗಿದೆ ಎಂದು ಗೊತ್ತಾಗುತ್ತದೆ. ಜೀವ ಇಲ್ಲದ ಗೋಧಿಯ ಮನೆಯವರಿಗೆ ಪಕ್ಕದ ಮನೆಯವರು ಕೊಡುತ್ತಾರೆ. ಯಾರ ಬುಟ್ಟಿಯ ತೀಜ್, ಅಂದರೆ ಸಸಿ, ಚೆನ್ನಾಗಿ ಬೆಳೆಯುತ್ತದೋ ಅವಳಿಗೆ ಒಳ್ಳೆಯ ಗಂಡ ಸಿಗುತ್ತಾನೆ ಎಂಬ ಮಾತು ನಮ್ಮಲ್ಲಿದೆ. ಹಳೆಯ ಕಾಳು ಮೊಳೆಯಲಿಲ್ಲ ಎಂಬ ಕಾರಣಕ್ಕೆ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಮುಖ ಸಣ್ಣ ಮಾಡಿಕೊಂಡು ಕೂರುವುದನ್ನು ನಾನು ನೋಡಲಾರೆ. ಆದ್ದರಿಂದಲೇ ಈ ಪರೀಕ್ಷೆ.

ಬಿತ್ತುವ ಹಿಂದಿನ ರಾತ್ರಿ ಗೋಧಿ ನೆನೆಸುತ್ತೇವೆ. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟುತ್ತೇವೆ. ಅಷ್ಟರಲ್ಲಿ ಹುಡುಗಿಯರು ಮಣ್ಣಿಗೆ ಹೊರಡುತ್ತಾರೆ. ನಮ್ಮದು ಜಂಬಿಟ್ಟಿಗೆ ಕಲ್ಲಿನ ಗುಡ್ಡ, ಮಣ್ಣು ಕೆಂಪು, ಹರಳು ಹರಳು. ನೀರು ಹಾಕಿದರೆ ಸರ್ರನೆ ಇಳಿದುಹೋಗುತ್ತದೆ. ಕೆಳಗಿನ ಬಯಲಿನ ಎರೆ ಮಣ್ಣು ತಂದರೆ ಅದು ನೀರು ಹಿಡಿದುಕೊಂಡು ಗಟ್ಟಿಯಾಗಿ, ಒಣಗಿದರೆ ಬಿರುಕು ಬಿಡುತ್ತದೆ. ಹುತ್ತದ ಮಣ್ಣು ಎರಡರ ನಡುವಿನದು, ನುಣುಪಾಗಿದ್ದೂ ಉಸಿರಾಡುತ್ತದೆ. ಹಾವಿಲ್ಲದ, ಗೆದ್ದಲು ಬಿಟ್ಟುಹೋದ ಹಳೆಯ ಹುತ್ತವನ್ನು ದೊಡ್ಡವರು ಮೊದಲೇ ಗುರುತಿಸಿ ಇಟ್ಟಿರಬೇಕು. ಹೊರಮೈಯನ್ನು ಮಾತ್ರ ಕೆರೆದು ತರಬೇಕು. ಅದರಲ್ಲಿ ಪುಡಿ ಮಾಡಿದ ಹಳೆಯ ಹಿಕ್ಕೆ ಗೊಬ್ಬರ ಬೆರೆಸಿ ಜರಡಿ ಹಿಡಿಯುತ್ತೇವೆ. ಹಸಿ ಗೊಬ್ಬರ ಹಾಕಿದರೆ ಬೇರು ಸುಡುತ್ತದೆ.

ಬುಟ್ಟಿ ಬಿದಿರಿನದು, ಅಂಗೈ ಅಗಲಕ್ಕಿಂತ ತುಸು ದೊಡ್ಡದು. ಒಳಗೆ ಮುತ್ತಲ ಎಲೆ ಹಾಸಿ ಕಡ್ಡಿ ಚುಚ್ಚುತ್ತೇವೆ. ಬುಟ್ಟಿ ಸಾಲದಿದ್ದರೆ ಎಲೆಯನ್ನೇ ಹೊಲಿದು ದೊಡ್ಡ ದೊನ್ನೆ ಮಾಡುತ್ತೇವೆ. ನಡುವೆ ಕೆಲವರು ಪ್ಲಾಸ್ಟಿಕ್ ಡಬ್ಬಿ ತಂದರು. ಅದರ ತಳದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಕೊನೆಗೆ ಕೆರೆಗೂ ಅದೇ ಹೋಗುತ್ತದೆ. ಈಗ ಯಾರೂ ತರುವುದಿಲ್ಲ. ಎಲೆಯ ವಿಷಯದಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇವೆ. ನಮ್ಮ ಸುತ್ತಿನ ಕಾಡು 2011ರಲ್ಲಿ ಚಿಂಚೋಳಿ ವನ್ಯಜೀವಿಧಾಮವಾಯಿತು. ಅದರೊಳಗಿನ ಗಿಡಕ್ಕೆ ನಾವು ಕೈ ಹಚ್ಚುವುದಿಲ್ಲ. ಹೊಲದ ಬದುವಿನಲ್ಲಿ ಮುತ್ತಲ, ಬಾರಿಕಂಟಿ ಎರಡೂ ಧಾರಾಳವಾಗಿವೆ. ಕಳೆ ಎಂದು ಅವುಗಳನ್ನು ಕಡಿಯುತ್ತಿದ್ದ ಹೊಲದವರಿಗೆ ತೀಜ್ ಮುಗಿಯುವ ತನಕ ತಡೆಯಿರಿ ಎಂದು ಹುಡುಗಿಯರೇ ಹೋಗಿ ಹೇಳಿಬಂದರು. ಈಗ ಎರಡು ಮೂರು ಬದುಗಳಲ್ಲಿ ಗಿಡ ಹಾಗೇ ಉಳಿದಿದೆ.

ಮೊದಲ ಬುಟ್ಟಿ ನಮ್ಮ ಗುರು ಸೇವಾಲಾಲ್ ಮಹಾರಾಜರ ಹೆಸರಿನಲ್ಲಿ, ಆಮೇಲೆ ತಾಯಿ ದೇವತೆ ಮರಿಯಮ್ಮ ಯಾಡಿಯ ಹೆಸರಿನಲ್ಲಿ, ನಾಯಕರ ಹೆಸರಿನಲ್ಲಿ; ನಂತರ ಒಬ್ಬೊಬ್ಬ ಹುಡುಗಿ ತನ್ನದನ್ನು ಬಿತ್ತುತ್ತಾಳೆ. ಕಾಳು ಒತ್ತೊತ್ತಾಗಿ ಬೀಳಬೇಕು, ಆದರೆ ಒಂದರ ಮೇಲೊಂದು ಕೂರಬಾರದು. ಮೇಲೆ ಬೆರಳ ಗೆಣ್ಣಿನ ಅರ್ಧದಷ್ಟು ಮಣ್ಣು ಸಾಕು. ಬುಟ್ಟಿಗಳನ್ನೆಲ್ಲ ನಾಯಕರ ಮನೆಯ ಮುಂದಿನ ಛಪ್ಪರದಲ್ಲಿ, ಕೋಳಿ ಆಡು ಏರಲಾರದ ಎತ್ತರದ ಅಟ್ಟದ ಮೇಲೆ ಸಾಲಾಗಿ ಇಡುತ್ತೇವೆ. ಮೇಲೆ ನೆರಳು, ನಾಲ್ಕೂ ಕಡೆ ಗಾಳಿ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಗಾಳಿ ಆಡದ ಕೋಣೆಯಲ್ಲಿಟ್ಟರೆ ಕಾಳಿಗೆ ಬೂಷ್ಟು ಹಿಡಿಯುತ್ತದೆ. ನೆರಳಿನಲ್ಲಿ ಬೆಳೆದದ್ದರಿಂದ ಸಸಿ ಎಳೆ ಹಳದಿ ಬೆರೆತ ಹಸಿರಾಗಿ, ಮೆತ್ತಗೆ, ನೆಟ್ಟಗೆ ಮೇಲೇಳುತ್ತದೆ. ಒಂಬತ್ತನೆಯ ದಿನಕ್ಕೆ ಸುಮಾರು ಒಂದು ಗೇಣು.

ಬಿತ್ತುವ ದಿನವೇ ಬೋರಡಿಯ ಆಟ. ಬಾರಿಕಂಟಿಯ ಮುಳ್ಳಿನ ಟೊಂಗೆ ನೆಟ್ಟು, ನೆನೆಸಿದ ಕಡಲೆ ಕಾಳನ್ನು ಒಂದೊಂದು ಮುಳ್ಳಿಗೂ ಹುಡುಗಿಯರು ಚುಚ್ಚುತ್ತ ಹೋಗಬೇಕು. ವಾವೆಯಲ್ಲಿ ಮೈದುನರಾಗುವ ಹುಡುಗರು ಟೊಂಗೆ ಹಿಡಿದು ಅಲ್ಲಾಡಿಸುತ್ತಾರೆ, ಚೇಷ್ಟೆಯ ಮಾತಾಡುತ್ತಾರೆ. ಕೈಗೆ ಮುಳ್ಳು ತಾಗಿದರೂ ಸಿಟ್ಟಾಗದೆ ಕಾಳು ಸಿಗಿಸಿ ಮುಗಿಸಿದವಳು ಮುಂದೆ ಗಂಡನ ಮನೆಯ ಕಷ್ಟವನ್ನು ತಾಳುತ್ತಾಳೆ ಎಂದು ಹಿರಿಯರು ಹೇಳುತ್ತಾರೆ. ನನಗೆ ಈ ಆಟ ಇಷ್ಟ, ಆ ಮಾತು ಇಷ್ಟವಿಲ್ಲ. ತಾಳುವುದನ್ನೇ ಹುಡುಗಿಯರಿಗೆ ಪಾಠ ಮಾಡುತ್ತ ಬಂದದ್ದು ಸಾಕು. ಹಾಗೆಂದು ಆಟ ನಿಲ್ಲಿಸಿಲ್ಲ. ಹುಡುಗಿಯರೂ ಹಾಡಿನಲ್ಲಿಯೇ ಹುಡುಗರಿಗೆ ಮರುಮಾತು ಕೊಡುವ ಹಳೆಯ ವಾಡಿಕೆ ಇತ್ತು, ಬಹಳ ಕಾಲದಿಂದ ಸೊರಗಿತ್ತು. ಅತ್ತೆಯ ಓರಗೆಯ ಮುದುಕಿಯರನ್ನು ಕೇಳಿ ಆ ಹಾಡುಗಳನ್ನು ಮತ್ತೆ ಕಲಿಸಿದೆ. ಈಗ ಟೊಂಗೆ ಅಲ್ಲಾಡಿಸಲು ಬಂದವನು ಹಾಡಿನ ಏಟು ತಿಂದೇ ಹೋಗುತ್ತಾನೆ, ಸುತ್ತ ನಿಂತವರೆಲ್ಲ ನಗುತ್ತಾರೆ.

ಹುಡುಗರಿಗೆ ಎರಡು ಕಟ್ಟುಪಾಡುಗಳಿವೆ. ವಾವೆ ಇಲ್ಲದವರು, ಹೊರಗಿನವರು ಟೊಂಗೆಯ ಹತ್ತಿರ ಬರುವಂತಿಲ್ಲ. ಮೊಬೈಲಿನಲ್ಲಿ ಹುಡುಗಿಯರ ವಿಡಿಯೊ ಮಾಡಿ ಹಂಚುವಂತಿಲ್ಲ. ಎರಡನೆಯದನ್ನು ಒಪ್ಪಿಸುವುದು ಸುಲಭವಾಗಲಿಲ್ಲ. "ನಮ್ಮ ಸಂಸ್ಕೃತಿ ನಾಲ್ಕು ಜನಕ್ಕೆ ತಿಳಿಯಲಿ, ಭಾಭಿ" ಎಂದು ಹುಡುಗರು ವಾದಿಸಿದರು. "ನಿನ್ನ ತಂಗಿಯ ಮುಖ ಗೊತ್ತಿಲ್ಲದವನ ಫೋನಿನಲ್ಲಿ ಇರಲಿ ಎಂದು ಅವಳೇ ಹೇಳಲಿ, ಆಮೇಲೆ ತೆಗೆ" ಎಂದೆ. ಹುಡುಗಿಯರು ಕೂತು ಮಾತಾಡಿಕೊಂಡು, ಕೊನೆಯ ದಿನದ ಮೆರವಣಿಗೆಯನ್ನು ಮಾತ್ರ, ಅದೂ ತಾವು ಆರಿಸಿದ ಒಬ್ಬ ಅಣ್ಣನೇ ತೆಗೆಯಬೇಕು ಎಂದು ತೀರ್ಮಾನಿಸಿದರು. ಅದೇ ಈಗಲೂ ನಡೆದುಕೊಂಡು ಬಂದಿದೆ.

ನೀರು ಹಾಕುವುದು ದಿನಕ್ಕೆ ಮೂರು ಸಲ. ಮೊದಲು ಹುಡುಗಿಯರು ಮಧ್ಯಾಹ್ನವೂ ಬಾವಿಗೆ ಹೋಗುತ್ತಿದ್ದರು. ಆಗ ಶಾಲೆಗೆ ಹೋಗುವವರೇ ಕಡಿಮೆ ಇದ್ದರು. ಈಗ ಬೆಳಿಗ್ಗೆ ಶಾಲೆಗೆ ಹೊರಡುವ ಮುನ್ನ ಒಮ್ಮೆ, ಶಾಲೆಯಿಂದ ಬಂದ ಕೂಡಲೇ ಒಮ್ಮೆ, ರಾತ್ರಿ ಹಾಡಿನ ಹೊತ್ತಿಗೆ ಒಮ್ಮೆ. ಮಧ್ಯಾಹ್ನ ಮಣ್ಣು ಒಣಗದಂತೆ ಬೆಳಗಿನ ನೀರಿನ ಮೇಲೆ ಒದ್ದೆ ಗೋಣಿಚೀಲದ ತುಂಡು ಮುಚ್ಚಿಡುತ್ತೇವೆ. ಮೊಳಕೆ ಮೇಲೆ ಬಂದ ದಿನದಿಂದ ಅದನ್ನೂ ತೆಗೆಯುತ್ತೇವೆ. ಕೊಡದಿಂದ ಸುರಿದರೆ ಮಣ್ಣು ಗುಂಡಿ ಬೀಳುತ್ತದೆ, ಕಾಳು ಹೊರಗೆ ಬರುತ್ತದೆ. ಆದ್ದರಿಂದ ಕೈಯಿಂದ ಚಿಮುಕಿಸುವುದನ್ನು ಸಣ್ಣ ಹುಡುಗಿಯರಿಗೆ ಮೊದಲು ಹೇಳಿಕೊಡುತ್ತೇವೆ. ತಾಂಡಾಕ್ಕೆ ನಲ್ಲಿ ಬಂದಿದ್ದರೂ ತೀಜ್‌ನ ನೀರು ಬಾವಿಯಿಂದಲೇ ಬರಬೇಕು. ತಲೆಯ ಮೇಲೆ ಕೊಡ ಹೊತ್ತು ಸಾಲಾಗಿ ಹಾಡುತ್ತ ಬರುವ ಆ ದಾರಿಯೇ ಅರ್ಧ ಹಬ್ಬ.

ಚಿಂಚೋಳಿಯಲ್ಲೋ ಕಲಬುರಗಿಯಲ್ಲೋ ಹಾಸ್ಟೆಲಿನಲ್ಲಿದ್ದು ಓದುವ ಹುಡುಗಿಯರದು ಬೇರೆ ಕಷ್ಟ. ತನ್ನ ಬುಟ್ಟಿಗೆ ತಾನೇ ನೀರು ಹಾಕಬೇಕು ಎಂಬುದು ಹಳೆಯ ಕಟ್ಟಳೆ. ಅದನ್ನೇ ಹಿಡಿದರೆ ಓದುವವರೆಲ್ಲ ಹೊರಗುಳಿಯುತ್ತಾರೆ. ಹಿರಿಯ ಹೆಂಗಸರನ್ನು ಕೂರಿಸಿಕೊಂಡು ಕೇಳಿದೆ: ಓದಲು ಹೋದ ಮಗಳಿಗೆ ತೀಜ್ ಇಲ್ಲ ಎಂದರೆ, ಓದು ಬಿಡಿಸುವವರಿಗೆ ನಾವೇ ಒಂದು ನೆಪ ಕೊಟ್ಟಂತೆ ಆಗುವುದಿಲ್ಲವೇ? ಒಬ್ಬ ಮುದುಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಮೊಮ್ಮಗಳ ಬುಟ್ಟಿಗೆ ತಂಗಿ ನೀರು ಹಾಕಲಿ ಎಂದು ಅಪ್ಪಣೆ ಕೊಟ್ಟರು. ಆವತ್ತಿನಿಂದ ಹಾಸ್ಟೆಲಿನ ಹುಡುಗಿಯರ ಹೆಸರಿನಲ್ಲಿಯೂ ಬುಟ್ಟಿ ಇರುತ್ತದೆ. ಕೊನೆಯ ಎರಡು ದಿನಕ್ಕೆ ಅವರು ರಜೆ ಹೊಂದಿಸಿಕೊಂಡು ಬರುತ್ತಾರೆ. ತೀಜ್‌ನ ಹಾಡುಗಳಲ್ಲಿ ಮದುವೆಯ ಆಸೆ ಬೇಕಾದಷ್ಟಿದೆ. ಹಾಡಲಿ, ಚಂದವೇ. ಆದರೆ ಹಬ್ಬದಲ್ಲಿ ಬೆಳೆದ ಹುಡುಗಿಯನ್ನು ನೋಡಿ ಮರುವಾರವೇ ಸಂಬಂಧ ಕೇಳಿಕೊಂಡು ಬರುವವರಿದ್ದಾರೆ. 18 ವರ್ಷ ತುಂಬದ ಹುಡುಗಿಯ ಮಾತನ್ನು ಛಪ್ಪರದ ಹತ್ತಿರ ಯಾರೂ ಎತ್ತಬಾರದು ಎಂದು ನಾನು ಮುಖಕ್ಕೇ ಹೇಳುತ್ತೇನೆ. ಅಂಗನವಾಡಿಯ ಕೆಲಸ ನನಗೆ ಕೊಟ್ಟ ಧೈರ್ಯ ಅದು.

ರಾತ್ರಿ ಊಟ ಮುಗಿದ ಮೇಲೆ ಹಾಡು. ಹೆಂಗಸರು, ಹುಡುಗಿಯರು ದುಂಡಗೆ ನಿಂತು, ಬಾಗಿ ಚಪ್ಪಾಳೆ ತಟ್ಟಿ ಹೆಜ್ಜೆ ಹಾಕುತ್ತಾರೆ. ಅರ್ಧ ಗುಂಪು ಒಂದು ಸಾಲು ಎತ್ತಿದರೆ ಉಳಿದರ್ಧ ಗುಂಪು ಅದನ್ನು ಹಿಡಿಯುತ್ತದೆ. ಬಿತ್ತಿದವರು ಯಾರು, ನೀರು ಹಾಕಿದವರು ಯಾರು ಎಂದು ಕೇಳುತ್ತ ಮನೆಮನೆಯ ಹುಡುಗಿಯ ಹೆಸರನ್ನೂ ಹಾಡಿನೊಳಗೆ ಸೇರಿಸುತ್ತ ಹೋಗುತ್ತಾರೆ. ತನ್ನ ಹೆಸರು ಬಂದಾಗ ಸಣ್ಣ ಹುಡುಗಿಯ ಮುಖ ನೋಡಬೇಕು! ಡಿಜೆ ಬೇಡ ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ. ಡಿಜೆಗೆ ನಮ್ಮ ಮಕ್ಕಳ ಹೆಸರು ಗೊತ್ತಿಲ್ಲ.

ನಮ್ಮ ಲಂಬಾಣಿ ಭಾಷೆ ಗೋರ್ ಬೋಲಿಗೆ ತನ್ನದೇ ಆದ ಲಿಪಿ ಇಲ್ಲ. ಹಾಡುಗಳೆಲ್ಲ ಬಾಯಿಂದ ಬಾಯಿಗೆ ಬಂದವು. ಬಲ್ಲ ಮುದುಕಿ ಹೋದರೆ ಹಾಡೂ ಹೋಯಿತು. ಮೊಬೈಲಿನಲ್ಲಿ ದನಿ ಹಿಡಿದಿಟ್ಟುಕೊಂಡು, ಕನ್ನಡ ಅಕ್ಷರದಲ್ಲಿ ಒಂದು ನೋಟ್‌ಬುಕ್ಕಿಗೆ ಬರೆಯುವ ಕೆಲಸವನ್ನು ಹೈಸ್ಕೂಲಿನ ಹುಡುಗಿಯರಿಗೆ ಒಪ್ಪಿಸಿದ್ದೇನೆ. ಬರೆದದ್ದನ್ನು ಓದಿ ಹೇಳಿದಾಗ ಮುದುಕಿಯರು ತಿದ್ದುತ್ತಾರೆ, ತಿದ್ದುತ್ತ ತಿದ್ದುತ್ತ ಮರೆತಿದ್ದ ಇನ್ನೊಂದು ನುಡಿ ನೆನಪಾಗುತ್ತದೆ. ತೆಲಂಗಾಣದ ಗಡಿ ನಮಗೆ ಹತ್ತಿರ. ತಾಂಡೂರು, ಜಹೀರಾಬಾದ್ ಕಡೆಯಿಂದ ಬಂದ ನಂಟರು ತಮ್ಮ ಪಾಠವನ್ನು ಹೇಳುತ್ತಾರೆ. ಒಂದೇ ಹಾಡು ಅಲ್ಲಿ ತೆಲುಗಿನ ಮಾತು ಸೇರಿಸಿಕೊಂಡಿದೆ, ಇಲ್ಲಿ ಕನ್ನಡದ್ದು. ಎರಡನ್ನೂ ಬರೆದುಕೊಳ್ಳುತ್ತೇವೆ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೀಜ್ ಹಿಡಿದ ಹುಡುಗಿಯರು ಮಾಂಸ ಮುಟ್ಟುವುದಿಲ್ಲ. ಕೆಲವರು ಉಪ್ಪು ಖಾರವನ್ನೂ ಬಿಡುತ್ತಾರೆ. ಬೆಳೆಯುವ ಮಕ್ಕಳು ಶಾಲೆಗೆ ನಡೆದು ಹೋಗಬೇಕಾದ್ದರಿಂದ ನಾನು ಅದನ್ನು ಒತ್ತಾಯಿಸುವುದಿಲ್ಲ. ಹಾಲು, ಬೆಲ್ಲ, ರೊಟ್ಟಿ ಚೆನ್ನಾಗಿ ಸಿಗುವಂತೆ ನೋಡಿಕೊಳ್ಳುತ್ತೇವೆ. ಕೊನೆಗೆ ಧಂಬೋಳಿ ಎಂಬ ನೈವೇದ್ಯದ ದಿನ ಚೂರ್ಮೋ: ಬಿಸಿ ರೊಟ್ಟಿಯನ್ನು ಪುಡಿ ಮಾಡಿ ಬೆಲ್ಲ, ತುಪ್ಪ ಹಾಕಿ ನಾದುವುದು. ಕೆಂಡದ ಮೇಲೆ ತುಪ್ಪ ಬಿಟ್ಟು ಭೋಗ್ ಕೊಟ್ಟು, ಹಿರಿಯರು ಅರದಾಸ್, ಅಂದರೆ ಪ್ರಾರ್ಥನೆ, ಹೇಳಿದ ಮೇಲೆ ಎಲ್ಲರಿಗೂ ಹಂಚುತ್ತೇವೆ.

ಅಷ್ಟಮಿಯ ಸಂಜೆ ಗಣಗೋರ್ ಮಾಡುತ್ತಾರೆ. ಕೆರೆಯ ಜಿಗುಟು ಮಣ್ಣಿನಿಂದ ಗಂಡು ಹೆಣ್ಣಿನ ಜೋಡಿ ಗೊಂಬೆ. ಬಣ್ಣ ಇಲ್ಲ, ಕಣ್ಣಿಗೆ ಕಾಳು, ಮೈಗೆ ಬಟ್ಟೆಯ ಚೂರು. ಫೇಟಿಯಾ (ಲಂಗ), ಕಾಂಚಳಿ (ರವಿಕೆ) ಇರುವ ಮನೆಯವರು ಪೆಟ್ಟಿಗೆಯಿಂದ ಅಂದೇ ತೆಗೆಯುವುದು. ಈಗ ಒಂದು ಜೊತೆ ಕೈಕಸೂತಿ, ಕನ್ನಡಿ, ನಾಣ್ಯ ಹಚ್ಚಿ ಹೊಲಿಸುವುದು ಬಡವರಿಗೆ ಆಗದ ಮಾತು. ಆದ್ದರಿಂದ ನಮ್ಮಲ್ಲಿ ಅಜ್ಜಿಯರ ಜೊತೆಗಳನ್ನು ಹುಡುಗಿಯರು ಸರದಿಯ ಮೇಲೆ ತೊಡುತ್ತಾರೆ. ಬಾಡಿಗೆಯ ಮಿರಮಿರ ಬಟ್ಟೆ ತರಿಸುವುದನ್ನು ಬಿಟ್ಟಿದ್ದೇವೆ.

ಮರುದಿನ ಬುಟ್ಟಿಗಳು ಅಟ್ಟದಿಂದ ಇಳಿಯುತ್ತವೆ. ತಲೆಯ ಮೇಲೆ ಬುಟ್ಟಿ ಹೊತ್ತ ಹುಡುಗಿಯರ ಮುಂದೆ ನಂಗಾರಿ ಬಾರಿಸುವವರು, ಹಿಂದೆ ಇಡೀ ತಾಂಡಾ. ಜಾಗದ ಆಯ್ಕೆ ಜೀವದ ಪ್ರಶ್ನೆ. ನಮ್ಮ ಗುಡ್ಡದ ಹಳ್ಳಗಳು ಮೇಲೆ ಮಳೆಯಾದರೆ ನೋಡುನೋಡುತ್ತಲೇ ಏರುತ್ತವೆ. ಇಲ್ಲಿ ಬಿಸಿಲಿದ್ದರೂ ನಂಬುವಂತಿಲ್ಲ. ಚಂದ್ರಂಪಳ್ಳಿ ಜಲಾಶಯದ ಹಿನ್ನೀರು ನೋಡಲು ಚಂದ, ಆದರೆ ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗಲು ನಾನು ಒಪ್ಪುವುದಿಲ್ಲ. ಮೆಟ್ಟಿಲಿರುವ ಸಣ್ಣ ಕೆರೆಯೇ ಸಾಕು. ಈಜು ಬಲ್ಲ ಯುವಕರು ಹಗ್ಗ ಹಿಡಿದು ನೀರಿನಲ್ಲಿ ಮೊದಲೇ ನಿಂತಿರುತ್ತಾರೆ. ಹುಡುಗಿಯರು ಮೊಣಕಾಲಿಗಿಂತ ಆಳಕ್ಕೆ ಇಳಿಯುವುದಿಲ್ಲ. ದಂಡೆಯ ಮೇಲೆ ಅಣ್ಣತಮ್ಮಂದಿರು ಅಕ್ಕತಂಗಿಯರ ಕಾಲು ತೊಳೆಯುತ್ತಾರೆ. ಸಸಿಯನ್ನು ಬೇರುಸಹಿತ ಎಳೆದು, ಮಣ್ಣು ತೊಳೆದು, ಮೊದಲ ಹಿಡಿಯನ್ನು ನಾಯಕರಿಗೆ ಕೊಡುತ್ತಾರೆ, ಅವರು ಪೇಟಕ್ಕೆ ಸಿಗಿಸಿಕೊಳ್ಳುತ್ತಾರೆ. ಆಮೇಲೆ ಎಲ್ಲ ಹಿರಿಯರಿಗೆ, ನಂಟರಿಗೆ, ಹೆಂಗಸರ ಮುಡಿಗೆ. ಬರುವ ತೀಜ್‌ಗೆ ಮದುವೆಯಾಗಿ ಹೋಗಿರುವವರು ಯಾರು ಎಂದು ಅಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಗೆಳತಿಯರು ಒಬ್ಬರ ಹೆಗಲಿಗೆ ಒಬ್ಬರು ಒರಗಿ ಹಾಡುತ್ತಲೇ ಅಳುತ್ತಾರೆ. ಆ ಅಳುವನ್ನು ಯಾರೂ ತಡೆಯುವುದಿಲ್ಲ, ತಡೆಯಲೂಬಾರದು.

2023ರ ಜನವರಿ 19ರಂದು ಮಳಖೇಡದಲ್ಲಿ ತಾಂಡಾಗಳ ಜನಕ್ಕೆ ಹಕ್ಕುಪತ್ರ ಹಂಚಿದ ಮೇಲೆ ನಮ್ಮ ಕಡೆಯಲ್ಲಿ ಮನೆ, ಅಂಗಳಗಳಿಗೆ ಗೆರೆ ಎಳೆಯುವ ಮಾತು ಜೋರಾಯಿತು. ಇದು ಒಳ್ಳೆಯದೇ; ಎಷ್ಟೋ ತಲೆಮಾರು ಕಾಗದವಿಲ್ಲದೆ ಬದುಕಿದವರು ನಾವು. ಆದರೆ ತೀಜ್‌ನ ಛಪ್ಪರಕ್ಕೆ, ಹುಡುಗಿಯರು ದುಂಡಗೆ ನಿಂತು ಕುಣಿಯುವ ಬಯಲಿಗೆ ಒಂದು ಜಾಗ ಸಾಮೂಹಿಕವಾಗಿ ಉಳಿಯಬೇಕು ಎಂದು ಈಗಲೇ ಗ್ರಾಮಸಭೆಯಲ್ಲಿ ಬರೆಸಿ ಎಂದು ಎಲ್ಲ ತಾಂಡಾದವರಿಗೂ ಹೇಳುತ್ತೇನೆ. ನಮ್ಮದನ್ನು ನಾವು ಬಾಯಿಮಾತಿಗೆ ಬಿಟ್ಟಿಲ್ಲ.

ಗುಳೆ ಹೋದಲ್ಲಿಯೇ ಉಳಿದುಬಿಟ್ಟ ಮನೆಗಳಿಂದ ಈಗೀಗ ಫೋನ್ ಬರುತ್ತದೆ. ಪುಣೆಯಲ್ಲಿ ಕಟ್ಟಡದ ಕೆಲಸದ ಪಕ್ಕ ತಗಡಿನ ಶೆಡ್ಡಿನಲ್ಲಿರುವ ನಮ್ಮ ಹುಡುಗಿಯೊಬ್ಬಳು, "ಇಲ್ಲಿ ಹುತ್ತ ಎಲ್ಲಿ ತರಲಿ ಭಾಭಿ, ತೀಜ್ ಹಾಕಬಹುದೇ?" ಎಂದು ಕೇಳಿದಳು. ಹಾಕಬಹುದು ಎಂದೆ. ಯಾವುದಾದರೂ ಹಸನಾದ ಮಣ್ಣಿಗೆ ಅದರ ಮೂರನೆಯ ಒಂದು ಪಾಲು ಹಳೆಯ ಗೊಬ್ಬರ ಬೆರೆಸು. ಸಿಮೆಂಟು ಬಿದ್ದ ಜಾಗದ ಮಣ್ಣು ಬೇಡ. ಬುಟ್ಟಿ ಸಿಗದಿದ್ದರೆ ತಳಕ್ಕೆ ತೂತು ಮಾಡಿದ ಮಣ್ಣಿನ ಕುಡಿಕೆ ನಡೆಯುತ್ತದೆ. ತಗಡಿನ ಶೆಡ್ಡಿನೊಳಗೆ ಸೆಕೆಗೆ ಕಾಳು ಬೇಯುತ್ತದೆ, ಹೊರಗೆ ನೆರಳಿನಲ್ಲಿ ಇಡು. ಅಕ್ಕಪಕ್ಕದ ಶೆಡ್ಡಿನಲ್ಲಿ ಬೇರೆ ಜಾತಿಯ, ಬೇರೆ ಭಾಷೆಯ ಹುಡುಗಿಯರಿದ್ದರೆ ಅವರ ಹೆಸರಿನಲ್ಲಿಯೂ ಒಂದೊಂದು ಕುಡಿಕೆ ಬಿತ್ತು, ಹಾಡಿನಲ್ಲಿ ಅವರ ಹೆಸರನ್ನೂ ಸೇರಿಸು. ಹಾಡು ಮರೆತಿದ್ದರೆ ರಾತ್ರಿ ಎಂಟರ ಮೇಲೆ ಫೋನ್ ಮಾಡು, ಇಲ್ಲಿಯ ಹುಡುಗಿಯರು ನೋಟ್‌ಬುಕ್ ತೆರೆದುಕೊಂಡು ಹೇಳಿಕೊಡುತ್ತಾರೆ.